ಕೊಟ್ಟೂರಿನ ಜೋಡಿ, ಮೆಜೆಸ್ಟಿಕ್ ಮೋಡಿ!

ಕನ್ನಡ ಚಿತ್ರದಲ್ಲಿ ಹಳ್ಳಿಯವನು ಬೆಂಗಳೂರಿಗೆ ಬಂದ ಅಂದ್ರೆ ಕ್ಯಾಮರಾ ಏನು ಮಾಡುತ್ತೆ? ಮೊದಲು ವಿಧಾನಸೌಧದ ಗೋಪುರ. ಅದರ ಹಿಂದೆಯೇ ಕೆ.ಜಿ. ರಸ್ತೆಯ ಕಟೌಟು. ಮೂರನೇ ಶಾಟಿನಲ್ಲಿ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡು, ನಾಲ್ಕನೆಯದರಲ್ಲಿ ಅವನ ಟ್ರಂಕು ಮಾಯ! ಜೊತೆಗೆ ಹೆಂಡತಿಯೂ ಇದ್ದರೆ ಮುಗಿಯಿತು, ಲಾಲ್‌ಬಾಗಿನ ಗಾಜಿನ ಮನೆ ಮುಂದೆ ಒಂದು ಡ್ಯುಯೆಟ್ಟು ಗ್ಯಾರಂಟಿ. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ... ಈ ಐದೂರಿನ ಮಂದಿ ಬೆಂಗಳೂರನ್ನು ಕಲಿತದ್ದು ಭೂಪಟದಲ್ಲಿ ಅಲ್ಲ ಸ್ವಾಮಿ, ಪರದೆಯ ಮೇಲೆ. ನಮ್ಮಪ್ಪಂದಿರು ಟೆಂಟಿನಲ್ಲಿ ಮರಳಿನ ಗುಡ್ಡೆ ಮಾಡಿಕೊಂಡು ಕೂತು ಕಲಿತರು. ನಾವು ಭಾನುವಾರ ಸಂಜೆ ಯಾರದೋ ಮನೆಯ ಟೀವಿ ಮುಂದೆ ಕೂತು ಕಲಿತೆವು. ಪಾಠ ಮಾತ್ರ ಅದೇ.

ನಮ್ಮ ಊರುಗಳ ವಿಳಾಸವೇ ಒಂದು ಚಿತ್ರಕಥೆ. ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ ಸೇರಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ಎಲ್ಲರ ಜೊತೆ ವಿಜಯನಗರ ಜಿಲ್ಲೆಯಾಯಿತು. ಜಿಲ್ಲೆ ಎಷ್ಟು ಸಲ ಬದಲಾದರೂ ರಾತ್ರಿ ಬಸ್ಸಿನ ಬೋರ್ಡು ಬದಲಾಗಲಿಲ್ಲ: "ಬೆಂಗಳೂರು". ಆ ಬಸ್ಸಿನಲ್ಲಿ ನಮ್ಮ ಕಡೆಯವರು ಎರಡು ಕಾರಣಕ್ಕೆ ಹತ್ತುತ್ತಾರೆ. ಒಂದು ಆಸ್ಪತ್ರೆ, ಇನ್ನೊಂದು ದುಡಿಮೆ. ನೋಡುವುದಕ್ಕೆ ಅಂತ, ಬರೀ ನೋಡುವುದಕ್ಕೆ ಅಂತ ಹತ್ತಿದವರು ಕಮ್ಮಿ.

ನಾವಿಬ್ಬರು ಹತ್ತಿದೆವು. ಮದುವೆಯಾಗಿ ಆರು ವರ್ಷಕ್ಕೆ ಹನಿಮೂನು! ನಗಬೇಡಿ. ಹೊಲ, ಅತ್ತೆ ಮಾವ, ಬಾಣಂತನ, ಸಾಲ ಅಂತ ಆರು ವರ್ಷ ಹೇಗೆ ಹೋಯಿತು ಅಂತ ಕೊಟ್ಟೂರೇಶನಿಗೇ ಗೊತ್ತು. ಈ ಸಲ ಶೇಂಗಾ ಕಿತ್ತು, ಬಿಡಿಸಿ, ಒಣಗಿಸಿ, ಮಾರಿ, ಕೈಯಲ್ಲಿ ನಾಲ್ಕು ಕಾಸು ಉಳಿಯಿತು. ಮಗನನ್ನು ಅವ್ವನ ಹತ್ತಿರ ಬಿಟ್ಟು, ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆಗೆ ಸಿಗುವ ಹಾಗೆ ಶನಿವಾರ, ಭಾನುವಾರ, ಸೋಮವಾರ ಅಂತ ಮೂರು ದಿನ ಗೊತ್ತು ಮಾಡಿದೆವು. ಪಟ್ಟಿ ನನ್ನದು: ಅಣ್ಣಾವ್ರ ಸಮಾಧಿ, ಕೆ.ಜಿ. ರಸ್ತೆ, ಗಾಂಧಿನಗರ. ಷರತ್ತು ಆಕೆಯದು:

"ನೀವು ಎಲ್ಲಿ ಕರಕೊಂಡು ಹೋದ್ರೂ ಬರ್ತೀನ್ರೀ. ಆದ್ರ ಒಂದಿನ ನನ್ನ ತಮ್ಮಗ."

ಅವಳ ತಮ್ಮ ಬೆಂಗಳೂರಿಗೆ ಹೋಗಿ ಹನ್ನೊಂದು ವರ್ಷ. ಸೆಂಟ್ರಿಂಗ್ ಕೆಲಸ. ಹದಿನೇಳನೇ ವಯಸ್ಸಿಗೆ ಹೋದವನು ಈಗ ಅಲ್ಲೇ ಹೆಂಡತಿ ಮಗು ಮಾಡಿಕೊಂಡು, ವೈಟ್‌ಫೀಲ್ಡಿನ ಆಚೆ ತಗಡಿನ ಶೆಡ್ಡಿನಲ್ಲಿದ್ದಾನೆ. ಹೊರಡುವ ದಿನ ನನ್ನ ಅತ್ತೆ ಬಂದು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ತುಪ್ಪ ಕಟ್ಟಿ ಕೊಟ್ಟು, ಮಗಳ ಕೈಹಿಡಿದು ಒಂದೇ ಮಾತು ಹೇಳಿದಳು: "ಬಾ ಅನ್ನು ಅವಗ. ಮೂರೆಕರೆ ಬೀಳು ಬಿದ್ದೈತಿ ಅನ್ನು."

ಹೀಗೆ ನಮ್ಮ ಹನಿಮೂನಿನ ಚೀಲದಲ್ಲಿ ಒಂದು ಭಾರದ ಗಂಟೂ ಸೇರಿಕೊಂಡಿತು.

ದಾರಿಯೇ ಅರ್ಧ ಸಿನಿಮಾ

ಕೊಟ್ಟೂರಿನಿಂದ ಬೆಂಗಳೂರು 300 ಕಿ.ಮೀ. ಹತ್ತಿರ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ದಯದಿಂದ ನಮ್ಮಾಕಿಗೆ ಶೂನ್ಯ ಟಿಕೆಟ್ಟು, ನನಗೆ ಪೂರಾ ಚಾರ್ಜು. ಕಂಡಕ್ಟರು ಹರಿದು ಕೊಟ್ಟ ಆ ಸೊನ್ನೆ ರೂಪಾಯಿ ಚೀಟಿಯನ್ನು ಆಕೆ ಪರ್ಸಿನಲ್ಲಿ ಮಡಚಿ ಇಟ್ಟ ಠೀವಿ ನೋಡಬೇಕಿತ್ತು, ಸಾಕ್ಷಾತ್ ಕಲ್ಪನಾ! ಒಂದು ಮಾತು ನೆನಪಿಡಿ, ಗೆಳೆಯರೇ: ಇದು ಸಾದಾ ಬಸ್ಸು, ವೇಗದೂತಕ್ಕೆ ಮಾತ್ರ. ರಾಜಹಂಸ, ಸ್ಲೀಪರ್ ಅಂತ ಶೋಕಿ ಮಾಡಿದರೆ ಜೋಡಿಗೆ ಜೋಡಿ ಚಾರ್ಜು.

ನಮ್ಮ ಕಡೆಯ ಬಸ್ಸುಗಳು ಚಿತ್ರದುರ್ಗದ ಮೇಲೆ ಹಾಯುತ್ತವೆ. ರಾತ್ರಿ ಬಸ್ಸು, ಕೋಟೆ ಕಾಣಲಿಲ್ಲ, ಕತ್ತಲಲ್ಲಿ ಗುಡ್ಡದ ಬೆನ್ನು ಮಾತ್ರ. ಆದರೂ ಕಿಟಕಿಗೆ ಮುಖ ಹಚ್ಚಿದೆ. ಯಾಕೆ ಅಂತ ನಿಮಗೆ ಬೇರೆ ಹೇಳಬೇಕೆ? ಪುಟ್ಟಣ್ಣನವರ 'ನಾಗರಹಾವು' ಅಲ್ಲಿ ಹೆಡೆ ಬಿಚ್ಚಿದ್ದು! 1972ರ ಡಿಸೆಂಬರ್ ಕೊನೆಗೆ ತೆರೆಗೆ ಬಂದ ಆ ಒಂದು ಚಿತ್ರ ಕನ್ನಡಕ್ಕೆ ವಿಷ್ಣುವರ್ಧನ್ ಎಂಬ ನಾಯಕನನ್ನೂ ಅಂಬರೀಶ್ ಎಂಬ ಜಲೀಲನನ್ನೂ ಒಟ್ಟಿಗೆ ಕೊಟ್ಟಿತು. ಕೋಟೆ ಹತ್ತುವ ಹುಡುಗರು ಈಗಲೂ ಮೊದಲು ಕೇಳುವುದು ಓಬವ್ವನ ಕಿಂಡಿ ಎಲ್ಲಿ ಅಂತ. ಅದರಲ್ಲಿ ಇತಿಹಾಸದ ಪಾಲು ಎಷ್ಟು, ಆ ಪಾತ್ರ ಮಾಡಿದ ಜಯಂತಿಯ ಪಾಲು ಎಷ್ಟು ಅಂತ ಯಾರೂ ಲೆಕ್ಕ ಹಾಕಿಲ್ಲ.

ಹರಪನಹಳ್ಳಿಯವರು ದಾವಣಗೆರೆಯ ಮೇಲೆ ಹೋಗುತ್ತಾರೆ. ಅವರ ದಾರಿಯಲ್ಲಿ ಆನಗೋಡು ಬರುತ್ತದೆ. 1990ರ ಸೆಪ್ಟೆಂಬರ್ 30. 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆ ಹೊರಟಿದ್ದ ಶಂಕರ್‌ನಾಗ್ ಅವರನ್ನು ಆ ರಸ್ತೆ ನುಂಗಿತು. ವಯಸ್ಸು 35 ಮಾತ್ರ. ಆ ಊರು ದಾಟುವಾಗ ಕೆಲವು ಡ್ರೈವರುಗಳು ಈಗಲೂ ಒಮ್ಮೆ ಹಾರ್ನ್ ಒತ್ತುತ್ತಾರೆ ಅಂತ ಹರಪನಹಳ್ಳಿಯ ಗೆಳೆಯರು ಹೇಳುತ್ತಾರೆ. ಆ ಹೆಸರು ಮತ್ತೆ ಬರುತ್ತೆ, ತಾಳಿ.

ಬೆಳಗಿನ ಜಾವಕ್ಕೆ ಮೆಜೆಸ್ಟಿಕ್. ಒಂದು ಕಾಲಕ್ಕೆ ಇದು ಧರ್ಮಾಂಬುಧಿ ಕೆರೆ. ನೀರು ಹೋಗಿ ಬಸ್ಸು ಬಂತು. ಮೆಜೆಸ್ಟಿಕ್ ಅಂತ ಹೆಸರು ಕೊಟ್ಟ ಥಿಯೇಟರೂ ಹೋಯಿತು, ಹೆಸರು ಉಳಿಯಿತು. ನೋಡಿ, ಊರಿಗೆ ಊರೇ ಒಂದು ಟಾಕೀಸಿನ ಹೆಸರು ಹೊತ್ತು ನಿಂತಿರುವುದು ದೇಶದಲ್ಲಿ ಇನ್ನೆಲ್ಲಾದರೂ ಉಂಟೆ?

ಲಾಡ್ಜಿನ ಹೆಸರು ಬೇಡ. ಕೌಂಟರಿನಲ್ಲಿ ಕೂತಿದ್ದ ಮಹಾಶಯ ನಮ್ಮಿಬ್ಬರನ್ನು ಮೇಲಿಂದ ಕೆಳಗೆ ನೋಡಿ, ಇಬ್ಬರ ಆಧಾರ್ ಕಾರ್ಡು ತಿರುವಿ ಹಾಕಿ, "ಗಂಡ ಹೆಂಡತಿ ಅನ್ನೋದಕ್ಕೆ ಏನು ಪ್ರೂಫು?" ಅಂದ. ನಾನು ಕೆಂಪಗಾದೆ. ನಮ್ಮಾಕಿ ನಿಧಾನಕ್ಕೆ ಸೆರಗಿನಿಂದ ತಾಳಿ ತೆಗೆದು ತೋರಿಸಿ, "ಇದು ನನ್ನ ಪ್ರೂಫು. ಇನ್ನ ಇವರದ್ದು ಬೇಕಂದ್ರ ಮನಿಯಾಗ ಕಡದ ಜಗಳದ ಲೆಕ್ಕ ಕೊಡ್ಲೇನ್ರೀ?" ಅಂದಳು. ಬೀಗದ ಕೈ ಬಂತು.

ಅಪ್ಪು ಇದ್ದಲ್ಲಿ

ಶನಿವಾರ ಬೆಳಗ್ಗೆ ಮೊದಲು ಕಂಠೀರವ ಸ್ಟುಡಿಯೋ. ಮೆಜೆಸ್ಟಿಕ್ಕಿನಿಂದ ಹಸಿರು ಮಾರ್ಗದ ಮೆಟ್ರೋ ಹಿಡಿದು ಗೊರಗುಂಟೆಪಾಳ್ಯದಲ್ಲಿ ಇಳಿದು ಆಟೋ ಹತ್ತಿದೆವು. "ಅಪ್ಪು ಸಮಾಧಿ" ಅಂದರೆ ಸಾಕು, ಆಟೋದವರು ಮೀಟರಿನ ಮಾತು ಮರೆತರೂ ದಾರಿ ಮರೆಯುವುದಿಲ್ಲ.

1966ರಲ್ಲಿ ಶುರುವಾದ ಈ ಸ್ಟುಡಿಯೋದಲ್ಲಿ ಒಂದು ಕಾಲಕ್ಕೆ ಅರಮನೆಗಳ ಸೆಟ್ಟು ಏಳುತ್ತಿತ್ತು. ಈಗ ಜನ ಬರುವುದು ಮಲಗಿದವರನ್ನು ನೋಡಲು. 2006ರ ಏಪ್ರಿಲ್ 12ರಂದು ಹೋದ ಅಣ್ಣಾವ್ರು, 2017ರಲ್ಲಿ ಹೋದ ಪಾರ್ವತಮ್ಮನವರು, 2021ರ ಅಕ್ಟೋಬರ್ 29ರಂದು ಬರೀ 46ನೇ ವಯಸ್ಸಿಗೆ ಹೋದ ಪುನೀತ್. ಅಪ್ಪ, ಅಮ್ಮ, ಮಗ. ಅದೇ ಆವರಣದಲ್ಲಿ 2018ರಲ್ಲಿ ಹೋದ ಅಂಬರೀಶ್ ಕೂಡ.

ಹೊಸಪೇಟೆಯಲ್ಲಿ 2022ರಲ್ಲಿ ಅಪ್ಪು ಪ್ರತಿಮೆ ನಿಂತಾಗ ನಮ್ಮ ಕಡೆಯಿಂದ ಟ್ರ್ಯಾಕ್ಸ್ ತುಂಬಿಕೊಂಡು ಹೋದವರಲ್ಲಿ ನಾನೂ ಒಬ್ಬ. ಅಲ್ಲಿ ಕೂಗಾಟ, ಪಟಾಕಿ, ಕುಣಿತ. ಇಲ್ಲಿ ಹಾಗಲ್ಲ. ಸಾಲು ಇದೆ, ಸದ್ದಿಲ್ಲ. ಯಾರೋ ಮಗುವಿನ ಕೈಯಲ್ಲಿ ಹೂವು ಇಡಿಸುತ್ತಾರೆ. ಯಾರೋ ಮದುವೆ ಪತ್ರಿಕೆ ತಂದು ಕಲ್ಲಿನ ಮೇಲಿಟ್ಟು ಕೈಮುಗಿಯುತ್ತಾರೆ, ಊರ ದೇವರಿಗೆ ಮೊದಲ ಪತ್ರಿಕೆ ಇಟ್ಟ ಹಾಗೆ. ನಮ್ಮಾಕಿ ಊರಿನಿಂದಲೇ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಮಲ್ಲಿಗೆ ತೆಗೆದಳು. ಹಡಗಲಿ ಮಲ್ಲಿಗೆ! ಭೌಗೋಳಿಕ ಗುರುತು ಪಡೆದ ಹೂವು. ಹಂಪಿಯ ದೇವರಿಗೆ ಹೂವು ಕಳಿಸುತ್ತಿದ್ದದ್ದಕ್ಕೇ ಊರಿಗೆ ಹೂವಿನ ಹಡಗಲಿ ಅಂತ ಹೆಸರು ಬಂತು ಅನ್ನುತ್ತಾರೆ ಹಿರಿಯರು. ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದರೂ ಅದರ ಘಮ ಅರ್ಧ ಮಾತ್ರ ಹೋಗಿತ್ತು. ಪಕ್ಕದಲ್ಲಿದ್ದ ಮಂಡ್ಯದ ಕಡೆಯ ಹೆಂಗಸು "ಯಾವೂರ ಹೂವಮ್ಮ ಇದು?" ಅಂತ ಕೇಳಿ ಮೂಸಿ ನೋಡಿತು.

ಅಣ್ಣಾವ್ರೂ ಕಣ್ಣು ದಾನ ಮಾಡಿದರು, ಮಗನೂ ಮಾಡಿದರು. ಪುನೀತ್ ಕಣ್ಣಿನಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಆಮೇಲೆ ರಾಜ್ಯದಲ್ಲಿ ಕಣ್ಣುದಾನಕ್ಕೆ ಹೆಸರು ಬರೆಸಲು ಜನ ಸಾಲುಗಟ್ಟಿದರು. ನಮ್ಮಾಕಿ ಹೊರಗೆ ಬಂದವಳೇ, "ನಾ ಬರಸೀನ್ರೀ, ಹೋದ ವರ್ಷನ. ನಿಮಗ ಹೇಳಿರಲಿಲ್ಲ" ಅಂದಳು. ಆರು ವರ್ಷ ಒಂದೇ ಸೂರಿನ ಕೆಳಗೆ ಇದ್ದು ಇದು ನನಗೆ ಗೊತ್ತಿರಲಿಲ್ಲ! ಕೂಡುಕುಟುಂಬದಲ್ಲಿ ಗಂಡ ಹೆಂಡತಿ ಮಾತಾಡುವುದು ದನದ ಮೇವು, ಅಕ್ಕಿ ಬೇಳೆ, ಹುಡುಗನ ಜ್ವರ. ಉಳಿದದ್ದಕ್ಕೆ ಹೀಗೆ ಮುನ್ನೂರು ಕಿಲೋಮೀಟರ್ ದೂರ ಬರಬೇಕೋ ಏನೋ.

ವಿಷ್ಣು ಅಭಿಮಾನಿಗಳು ನನ್ನ ಮೇಲೆ ಸಿಟ್ಟಾಗಬಾರದು. 2009ರ ಡಿಸೆಂಬರ್ 30ರಂದು ಸಿಂಹ ಮಲಗಿದಾಗ ಅಂತ್ಯಕ್ರಿಯೆ ಆದದ್ದು ಅಭಿಮಾನ್ ಸ್ಟುಡಿಯೋದಲ್ಲಿ. ಅಲ್ಲಿದ್ದ ಸಮಾಧಿಯನ್ನು 2025ರ ಆಗಸ್ಟಿನಲ್ಲಿ ರಾತ್ರೋರಾತ್ರಿ ಕೆಡವಿದರು. 2023ರಲ್ಲಿ ತೆರೆದ ಸ್ಮಾರಕ ಇರುವುದು ಮೈಸೂರಿನಲ್ಲಿ. ಬೆಂಗಳೂರಿನಲ್ಲಿ ಹೋಗಿ ಹೂವಿಡಲು ನಮಗೆ ಜಾಗ ಇರಲಿಲ್ಲ. ಬರೆಯುವಾಗಲೂ ಹೊಟ್ಟೆ ಉರಿಯುತ್ತೆ, ಮುಂದಕ್ಕೆ ಹೋಗೋಣ.

ಕೆ.ಜಿ. ರಸ್ತೆಯಲ್ಲಿ ಸಂಜೆ

ಸಂಜೆ ಕೆ.ಜಿ. ರಸ್ತೆಗೆ ನಡೆದೇ ಹೋದೆವು. ನಾನು ದೊಡ್ಡ ಗೈಡಿನ ಹಾಗೆ ಕೈ ತೋರಿಸುತ್ತಾ ನಡೆದೆ. ಆದರೆ ತೋರಿಸಿದ್ದೆಲ್ಲ ಇಲ್ಲದ್ದನ್ನೇ! "ಇಲ್ಲಿ ಸಾಗರ್ ಇತ್ತು... ಅಲ್ಲಿ ಅಲಂಕಾರ್ ಇತ್ತು... ಆ ಕಡೆ ಕಲ್ಪನಾ, ಹಿಮಾಲಯ, ಗೀತಾ..." ಎಲ್ಲಾ "ಇತ್ತು". ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ, ಕಾಂಪ್ಲೆಕ್ಸು. ನಮ್ಮಾಕಿ ಕೊನೆಗೆ, "ನೀವು ನನಗ ಊರು ತೋರಿಸ್ತೀರೋ, ಸುಡಗಾಡು ತೋರಿಸ್ತೀರೋ?" ಅಂದಳು.

ಸುಬೇದಾರ್ ಛತ್ರಂ ರಸ್ತೆಯ ಕಪಾಲಿಯ ಕಥೆ ಹೇಳಲೇಬೇಕು. 1968ರಲ್ಲಿ ಮೊರಾರ್ಜಿ ದೇಸಾಯಿ ಬಂದು ತೆರೆದ ಥಿಯೇಟರು. 1,400ಕ್ಕೂ ಹೆಚ್ಚು ಸೀಟು. ಅಲ್ಲಿ ಹೌಸ್‌ಫುಲ್ ಬೋರ್ಡು ಹಾಕಿದರೆ ಕೊಟ್ಟೂರಿನ ಒಂದು ಓಣಿಗೆ ಓಣಿಯೇ ಒಳಗೆ ಕೂತ ಲೆಕ್ಕ! 2017ರಲ್ಲಿ ಬಾಗಿಲು ಹಾಕಿದರು, ಆಮೇಲೆ ಕೆಡವಿದರು. ಆ ಜಾಗದಲ್ಲಿ ಈಗ ಹೊಸ ಕಟ್ಟಡ ಎದ್ದಿದೆ. 1974ರಲ್ಲಿ 'ಬಂಗಾರದ ಪಂಜರ'ದಿಂದ ಶುರುವಾದ ಸ್ಯಾಂಕಿ ರಸ್ತೆಯ ಕಾವೇರಿ ಕೂಡ 2024ರಲ್ಲಿ ಮುಚ್ಚಿತು. 1934ರ ಮಾರ್ಚ್ 3ರಂದು ನಮ್ಮ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' ತೆರೆ ಕಂಡ ಸಿಟಿ ಮಾರುಕಟ್ಟೆ ಬಳಿಯ ಪ್ಯಾರಾಮೌಂಟ್ ಕೂಡ ಇಲ್ಲ.

ಸ್ಟೇಟ್ಸ್ ಥಿಯೇಟರಿನ ಮಾತು ಬಂದಾಗ ಮಾತ್ರ ನಮ್ಮಾಕಿ ನಿಂತಳು. ಆಮೇಲೆ ಭೂಮಿಕಾ ಅಂತ ಹೆಸರಾದದ್ದು. 'ಬಂಗಾರದ ಮನುಷ್ಯ' 1972ರಲ್ಲಿ ಬಂದು ಎರಡು ವರ್ಷ ಓಡಿದ್ದು ಇಲ್ಲೇ. ಯೋಚನೆ ಮಾಡಿ ಗೆಳೆಯರೇ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, ಹೆಗಲ ಮೇಲೆ ಟವೆಲ್ ಹಾಕಿದ ರಾಜೀವಪ್ಪ. ಬಂಡೆ ನೆಲ ಅಗೆದು ಬಂಗಾರ ಬೆಳೆಯುವ ಕಥೆ. ಅದನ್ನು ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಹಿಂತಿರುಗಿದ ಹುಡುಗರಿದ್ದರು ಅಂತ ಅಪ್ಪಂದಿರು ಹೇಳುತ್ತಾರೆ. ಹಳ್ಳಿಗೆ ವಾಪಸ್ ಹೋಗಿ ಅನ್ನುವ ಸಿನಿಮಾ ಎರಡು ವರ್ಷ ಓಡಿದ್ದು ಬೆಂಗಳೂರಿನ ನಟ್ಟನಡುವೆ!

"ನನ್ನ ತಮ್ಮಗ ಈ ಸಿನಿಮಾ ತೋರಸ್ಬೇಕ್ರೀ" ಅಂದಳು.

"ತೋರಿಸಬಹುದು. ಆದ್ರ ರಾಜೀವಪ್ಪನ ಕಾಲಕ್ಕ ಬೋರ್‌ವೆಲ್ಲಿನ ಸಾಲ ಇರಲಿಲ್ಲ" ಅಂದೆ. ಆಕೆ ಮಾತಾಡಲಿಲ್ಲ.

ಇನ್ನೂ ಉಸಿರಾಡುತ್ತಿರುವ ಒಂದು ಥಿಯೇಟರಿನಲ್ಲಿ ಫಸ್ಟ್ ಶೋ ನೋಡಿದೆವು. ಚಿತ್ರದ ಹೆಸರು ಬೇಡ, ಚೆನ್ನಾಗಿರಲಿಲ್ಲ. ಅಕ್ಕಪಕ್ಕದ ಸೀಟೆಲ್ಲ ಖಾಲಿ. ಕೊಟ್ಟೂರಿನಲ್ಲಿ ನಾವಿಬ್ಬರೂ ಒಟ್ಟಿಗೆ ಟಾಕೀಸಿಗೆ ಹೋದರೆ ಹಿಂದಿನ ಸೀಟಿನಲ್ಲಿ ಯಾರಾದರೂ ಚಿಕ್ಕಪ್ಪ ಕೆಮ್ಮಿಯೇ ಕೆಮ್ಮುತ್ತಾನೆ. ಇಲ್ಲಿ ನಮ್ಮನ್ನು ನೋಡುವ ಒಬ್ಬ ನೆಂಟನೂ ಇಲ್ಲ! ಇಂಟರ್ವಲ್ಲಿನಲ್ಲಿ ಪಾಪ್‌ಕಾರ್ನ್ ಕೊಡಿಸಿದೆ. ಮಂಡಕ್ಕಿ ಮಿರ್ಚಿ ಸಿಗುವುದಿಲ್ಲವೇ ಅಂತ ಕೇಳಿ ಮಾರುವ ಹುಡುಗನನ್ನು ನಗಿಸಿದಳು. ಅಂದ ಹಾಗೆ, ಟಿಕೆಟ್ಟಿನ ವಿಷಯ. 200 ರೂಪಾಯಿ ಮೀರಬಾರದು ಅಂತ 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ನಿಯಮ ಮಾಡಿತು, ಹೈಕೋರ್ಟು ತಡೆ ಕೊಟ್ಟಿತು. ಹಾಗಾಗಿ ಜೇಬು ನೋಡಿಕೊಂಡು ಮಾಲಿನೊಳಗೆ ಕಾಲಿಡಿ. ಜೋಡಿಗೆ ಒಂಟಿ ಪರದೆಯ ಬಾಲ್ಕನಿಯೇ ಸ್ವರ್ಗ.

ಕಂಬ ಕಟ್ಟಿದವನ ಮೊದಲ ಸವಾರಿ

ಭಾನುವಾರ ತಮ್ಮನ ದಿನ. ಕಾಡುಗೋಡಿ ವೈಟ್‌ಫೀಲ್ಡ್ ಮೆಟ್ರೋ ಸ್ಟೇಷನ್ನಿನ ಕೆಳಗೆ ಹೆಂಡತಿ ಮಗು ಸಮೇತ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ. ಅಕ್ಕನನ್ನು ನೋಡಿದವನೇ ತಲೆ ಬಗ್ಗಿಸಿ ಉಗುರು ನೋಡಿಕೊಂಡ. ಅವಳು ರೊಟ್ಟಿ ಗಂಟು ಅವನ ಹೆಂಡತಿಯ ಕೈಗೆ ಕೊಟ್ಟು, ಮಗುವನ್ನು ಎತ್ತಿಕೊಂಡು, "ಯಾಕೋ ಇಷ್ಟು ಸೊರಗೀಯಾ?" ಅಂದಳು.

"ಎಲ್ಲಿಗೆ ಹೋಗಾಣ ಮಾವ?" ಅಂತ ನನ್ನನ್ನು ಕೇಳಿದ.

"ನೀನು ಹನ್ನೊಂದು ವರ್ಷದಿಂದ ಇರೋನು. ನೀನು ಹೇಳು. ಲಾಲ್‌ಬಾಗ್?"

"ನಾ ನೋಡಿಲ್ಲ ಮಾವ."

"ಕಬ್ಬನ್ ಪಾರ್ಕು?"

"ಇಲ್ಲ."

"ವಿಧಾನಸೌಧ?"

"ಬಸ್ಸಿನಾಗ ಹೋಗುವಾಗ ಒಮ್ಮೆ ಕಂಡೈತಿ."

ಮೆಟ್ರೋ ಬಾಗಿಲ ಹತ್ತಿರ ಬಂದಾಗ ಅವನ ಹೆಜ್ಜೆ ತಡವರಿಸಿತು. ಹಿಂದೆ ಬಿದ್ದ. ಟೋಕನ್ ಒತ್ತುವುದು ಹೇಗೆ ಅಂತ ನಾನು ತೋರಿಸಬೇಕಾಯಿತು. ನಿನ್ನೆ ತಾನೇ ಕಲಿತ ಕೊಟ್ಟೂರಿನವನು! ಆಮೇಲೆ ಗೊತ್ತಾದದ್ದು: ಈ ಮಾರ್ಗದ ಕಂಬಗಳಿಗೆ ಸೆಂಟ್ರಿಂಗ್ ಹೊಡೆದವರಲ್ಲಿ ಅವನೂ ಒಬ್ಬ. 2023ರ ಮಾರ್ಚಿನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ರೈಲು ಓಡಿತು, ಅಕ್ಟೋಬರಿನಲ್ಲಿ ನಡುವಿನ ತುಂಡೂ ಸೇರಿತು. ಆ ಹೊತ್ತಿಗೆ ಅವನು ಬೇರೆ ಕೆಲಸಕ್ಕೆ ಹೋಗಿದ್ದ.

"ಕಂಬದ ಮ್ಯಾಲೆ ಹತ್ತೀನಿ ಮಾವ. ಟ್ರೈನು ಹತ್ತಿಲ್ಲ."

ಕಿಟಕಿ ಪಕ್ಕ ನಿಂತು ಮಗನಿಗೆ ತೋರಿಸುತ್ತಿದ್ದ. "ಇದು ಅಪ್ಪಾಜಿದು... ಇದು ಅಲ್ಲ, ಮುಂದಿಂದು... ಹಾಂ, ಇಲ್ಲಿಂದ ಅಲ್ಲೀಮಟ." ಮಗುವಿಗೆ ಕಂಬ ಎಲ್ಲಿ ಕಾಣಬೇಕು? ರೈಲು ಕಂಬದ ಮೇಲೇ ಓಡುತ್ತಿದೆ! ಆದರೂ ಅದು ಕೆಳಗೆ ನೋಡಿ ನೋಡಿ ಚಪ್ಪಾಳೆ ತಟ್ಟಿತು.

ಬೆಂಗಳೂರಿಗೆ ಮೆಟ್ರೋ ಬೇಕು ಅಂತ ಶಂಕರ್‌ನಾಗ್ 1980ರ ದಶಕದಲ್ಲೇ ಕನಸು ಕಂಡಿದ್ದರು. ಅಧ್ಯಯನಕ್ಕೆ ಅಂತ ಲಂಡನ್ನಿಗೂ ಹೋಗಿ ಬಂದರು. ನಂದಿ ಬೆಟ್ಟಕ್ಕೆ ರೋಪ್‌ವೇ ಅಂತ ಇನ್ನೊಂದು ಕನಸು. ಜನ ನಕ್ಕರು. ಮೊದಲ ರೈಲು ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಓಡಿದ್ದು 2011ರ ಅಕ್ಟೋಬರ್ 20ರಂದು, ಶಂಕರಣ್ಣ ಹೋಗಿ ಇಪ್ಪತ್ತೊಂದು ವರ್ಷದ ಮೇಲೆ. 'ಆಟೋರಾಜ' ಬಂದದ್ದು 1980ರಲ್ಲಿ. ಬೆಂಗಳೂರಿನ ಆಟೋಗಳ ಬೆನ್ನ ಮೇಲೆ ಇವತ್ತಿಗೂ ಅವರ ನಗುಮುಖ ಅಂಟಿಕೊಂಡಿದೆ. ಸ್ಟೇಷನ್ನಿನ ಕೆಳಗೆ ಆಟೋದ ಮೇಲೆ ಅವರ ಚಿತ್ರ, ಮೇಲೆ ಅವರು ಬಯಸಿದ ರೈಲು, ರೈಲಿನಲ್ಲಿ ಅದರ ಕಂಬ ಕಟ್ಟಿದವನ ಮೊದಲ ಸವಾರಿ. ನನಗೆ ಗಂಟಲು ಕಟ್ಟಿತು, ಕಿಟಕಿ ಕಡೆ ತಿರುಗಿದೆ. ಚಾರ್ಜು ಮಾತ್ರ ಕೂಲಿಯವರಿಗೆ ಭಾರವೇ. 2025ರ ಫೆಬ್ರುವರಿಯಲ್ಲಿ ಏರಿಸಿದ ಮೇಲೆ ದೂರದ ಸವಾರಿಗೆ 90 ರೂಪಾಯಿವರೆಗೂ ಹೋಗುತ್ತೆ. ಕಟ್ಟಿದವನು ಯಾಕೆ ಹತ್ತಿರಲಿಲ್ಲ ಅನ್ನುವುದಕ್ಕೆ ಬೇರೆ ಉತ್ತರ ಬೇಕೆ?

ವಿಧಾನಸೌಧದ ಮುಂದೆ ಫೋಟೋ ಆಯಿತು. 1951ರಲ್ಲಿ ನೆಹರೂ ಅಡಿಗಲ್ಲು, 1956ರಲ್ಲಿ ಕಟ್ಟಡ ಪೂರ್ತಿ, ಕೆಂಗಲ್ ಹನುಮಂತಯ್ಯನವರ ಹಟ. ತಮ್ಮ ಕಲ್ಲಿನ ಕೆತ್ತನೆಯ ಕಡೆ ನೋಡಲಿಲ್ಲ, ತಲೆಯೆತ್ತಿ ಎತ್ತರ ಅಳೆದ. "ಇದಕ್ಕ ಸಾರವಿ ಹ್ಯಾಂಗ್ ಕಟ್ಟಿದ್ರೋ ಮಾವ, ಆಗ ಕಬ್ಬಿಣದ ಪೈಪು ಎಲ್ಲಿ ಬಂತು?" ಅಂದ. ಅಲ್ಲಿ ನಿಂತಿದ್ದ ನೂರು ಜನರಲ್ಲಿ ಆ ಪ್ರಶ್ನೆ ಕೇಳಿದವನು ಅವನೊಬ್ಬನೇ ಇರಬೇಕು.

ಲಾಲ್‌ಬಾಗಿಗೆ ಬಂದಾಗ ಎರಡು ಗಂಟೆ. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ, ಈಗ 240 ಎಕರೆ. ಗಾಜಿನ ಮನೆ 1889ರದು. ನಾನು ಅಲ್ಲಿ ನಮ್ಮಾಕಿಯನ್ನು ನಿಲ್ಲಿಸಿ ಡ್ಯುಯೆಟ್ಟಿನ ಪೋಸು ಕೊಡು ಅಂದೆ. "ಥೂ, ಹೋಗ್ರೀ" ಅಂದಳು. ಆದರೂ ಸೆರಗು ಸರಿಮಾಡಿಕೊಂಡು ನಿಂತಳು. ತಮ್ಮನೇ ಫೋಟೋ ತೆಗೆದ. ನಾಲ್ಕರಲ್ಲಿ ಮೂರು ಅಲುಗಾಡಿವೆ, ಒಂದು ಚೆಂದ ಬಂದಿದೆ. ಅದನ್ನು ಈ ಪುಟಕ್ಕೆ ಕೊಡುವುದಿಲ್ಲ, ಕೇಳಬೇಡಿ.

ರೊಟ್ಟಿ ಬಿಚ್ಚಿದ್ದು ಬಂಡೆಯ ಮೇಲೆ. ಮುನ್ನೂರು ಕೋಟಿ ವರ್ಷದಷ್ಟು ಹಳೆಯ ಕಲ್ಲು ಅದು, ಮೇಲೆ ಕೆಂಪೇಗೌಡರ ಗೋಪುರ. ಗುಡೇಕೋಟೆ, ಜರಿಮಲೆ ಕಡೆಯ ಗುಡ್ಡ ನೋಡಿ ಬೆಳೆದ ನಮಗೆ ಬಂಡೆ ಹೊಸದಲ್ಲ. ಆದರೆ ಬಂಡೆ ಹತ್ತಲು ಟಿಕೆಟ್ಟು ಕೊಂಡದ್ದು ಇದೇ ಮೊದಲು! ಶೇಂಗಾ ಹಿಂಡಿ, ರೊಟ್ಟಿ, ತುಪ್ಪ. ತಮ್ಮ ಮೂರು ರೊಟ್ಟಿ ತಿಂದ. ಆಗ ಅಕ್ಕ ಮೆಲ್ಲಗೆ ಬಿಚ್ಚಿದಳು ಇನ್ನೊಂದು ಗಂಟು.

"ಅವ್ವ ಕೇಳ್ಯಾಳ. ಬಾ ಅಂತ."

ಅವನು ಕೈ ತೊಳೆದುಕೊಂಡ. ಬಂಡೆಯಿಂದ ಕಾಣುವ ಕಟ್ಟಡಗಳನ್ನು ನೋಡಿದ. ಆಮೇಲೆ ಲೆಕ್ಕ ಹೇಳಿದ. ಸಿಟ್ಟಿಲ್ಲದೆ, ಮೇಸ್ತ್ರಿಗೆ ಅಳತೆ ಒಪ್ಪಿಸುವ ಹಾಗೆ. ಎರಡು ಬೋರು ಕೊರೆಸಿದ್ದು, ಎರಡೂ ಒಣ ಹೋದದ್ದು, ಅದರ ಸಾಲದಲ್ಲಿ ಇನ್ನೂ ಕಾಲುಭಾಗ ಉಳಿದದ್ದು. ಮಗನನ್ನು ಶೆಡ್ಡಿನ ಹತ್ತಿರದ ಸರ್ಕಾರಿ ಶಾಲೆಗೆ ಬರುವ ಜೂನಿಗೆ ಸೇರಿಸಬೇಕಾದದ್ದು. ವಾರದ ಬಟವಾಡೆ ಇಲ್ಲಿ ಕೈಗೆ ಬರುತ್ತದೆ, ಅಲ್ಲಿ ಮಳೆಯ ಕೈಯಲ್ಲಿ ಇರುತ್ತದೆ.

"ಕೊಟ್ಟೂರೇಶನ ತೇರಿಗೆ ಬರ್ತೀನಕ್ಕ. ಇರಾಕಲ್ಲ."

ಅವಳು ಒತ್ತಾಯ ಮಾಡಲಿಲ್ಲ. ನಾನೂ ಬಾಯಿ ಹಾಕಲಿಲ್ಲ. ರಾಜೀವಪ್ಪನ ಭಾಷಣ ಮಾಡುವುದು ಸುಲಭ, ಗೆಳೆಯರೇ, ಆ ಬಂಡೆಯ ಮೇಲೆ ಕೂತು ಅವನ ಅಂಗೈ ನೋಡಿದ್ದರೆ ನಿಮಗೂ ಬಾಯಿ ಬರುತ್ತಿರಲಿಲ್ಲ. ಅವನ ಹೆಂಡತಿ ಮಾತ್ರ ಅಷ್ಟೂ ಹೊತ್ತು ಹುಲ್ಲಿನ ಮೇಲೆ ಕಾಲು ಚಾಚಿ, ಚಪ್ಪಲಿ ಬಿಚ್ಚಿ, ಮಗು ಓಡುವುದನ್ನು ನೋಡುತ್ತಾ ಕೂತಿದ್ದಳು. ಐದು ವರ್ಷದ ಸಂಸಾರದಲ್ಲಿ ಗಂಡನ ಜೊತೆ ಹೊರಗೆ ಬಂದದ್ದು ಇದೇ ಮೊದಲಂತೆ. ಕತ್ತಲಾಗುವ ಹೊತ್ತಿಗೆ ಇಬ್ಬರೂ ಕೆರೆಯ ಏರಿಯ ಮೇಲೆ ಮುಂದೆ ನಡೆದು ಹೋದರು. ಮಗು ನಮ್ಮ ಹತ್ತಿರ ಇತ್ತು. ನಮ್ಮಾಕಿ ನನ್ನ ಮೊಣಕೈ ತಿವಿದು, "ಹೋಗ್ಲಿ ಬಿಡ್ರೀ, ಕರೀಬ್ಯಾಡ್ರಿ" ಅಂದಳು. ಹನಿಮೂನಿಗೆ ಬಂದದ್ದು ನಾವು, ಆದದ್ದು ಅವರಿಗೆ!

ಶೇಂಗಾ ಬೆಳೆದವರು ಕಡಲೆಕಾಯಿ ಕೊಂಡದ್ದು

ಸೋಮವಾರ ಬೆಳಗ್ಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ. 1943ರಿಂದ ನಡೆಯುತ್ತಿರುವ ಹೋಟೆಲು. ಬಾಗಿಲಲ್ಲಿ ಮುಕ್ಕಾಲು ಗಂಟೆ ನಿಂತೆವು. ಒಳಗೆ ಸಪ್ಲಯರು ಒಂದೇ ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವುದೇ ಒಂದು ಫೈಟಿಂಗ್ ಸೀನು. ಚಟ್ನಿಯನ್ನು ಧಾರಾಳವಾಗಿ ಸುರಿಯುತ್ತಾರೆ. ನಮ್ಮ ಬೆಣ್ಣೆ ದೋಸೆಗೆ ಹೋಲಿಸಿ ಜಗಳ ತೆಗೆಯುವುದಿಲ್ಲ. ಅದು ಬೇರೆ, ಇದು ಬೇರೆ, ಎರಡೂ ಬೇಕು.

ಅಲ್ಲಿಂದ ನಡೆದರೆ ದೊಡ್ಡ ಬಸವಣ್ಣ. ಒಂದೇ ಕಲ್ಲಿನ ಬಸವ, ಹದಿನೈದು ಅಡಿ ಎತ್ತರ. ಸುತ್ತಲಿನ ರೈತರ ಬೆಳೆಯನ್ನು ರಾತ್ರಿ ಬಂದು ಮೇಯುತ್ತಿದ್ದ ಬಸವನಿಗೆ ಮೊದಲ ಫಸಲು ಒಪ್ಪಿಸುತ್ತೇವೆ ಅಂತ ಹರಕೆ ಹೊತ್ತದ್ದಕ್ಕೆ ಪರಿಷೆ ಶುರುವಾಯಿತು ಅಂತ ಕಥೆ. ಈಗ ಸುತ್ತ ಹೊಲ ಇಲ್ಲ. ರಸ್ತೆಯ ಎರಡೂ ಬದಿ ಕಡಲೆಕಾಯಿ ಗುಡ್ಡೆಗಳು ಮಾತ್ರ, ಹಸಿ, ಒಣ, ಹುರಿದದ್ದು, ಬೇಯಿಸಿದ್ದು. ನಮ್ಮ ಕಡೆ ಕಡ್ಲಿ ಅಂದರೆ ಬೇರೆ ಕಾಳು. ನಮ್ಮಾಕಿ ಒಂದು ಗುಡ್ಡೆಯ ಮುಂದೆ ಕೂತು, "ಇದು ಶೇಂಗಾ ಅಲ್ಲೇನ್ರೀ?" ಅಂತ ಕೇಳಿದಾಗ ಮಾರುವ ಅಜ್ಜಿ, "ಕಡಲೆಕಾಯಮ್ಮ" ಅಂತ ತಿದ್ದಿತು. ಅವಳು ಒಂದು ಕಾಯಿ ಒಡೆದು, ಕಾಳು ತಿಕ್ಕಿ, ಸಿಪ್ಪೆ ಊದಿ, ಕಡಿದು, "ಬಲಿತಿಲ್ಲ, ಇನ್ನ ಎಂಟು ದಿನ ಬಿಟ್ಟು ಕೀಳಬೇಕಿತ್ತು" ಅಂದಳು. ಅಜ್ಜಿ ಕಣ್ಣರಳಿಸಿ, "ಬೆಳೆಯೋರಾ ನೀವು? ನಿಮ್ಮ ಕಡೆ ಮಳೆ ಹೆಂಗೆ?" ಅಂತ ಕೇಳಿತು. ಅಲ್ಲಿಗೆ ಹತ್ತು ನಿಮಿಷ ಗಿರಾಕಿಗಳೆಲ್ಲ ಕಾದರು. ಬೀಜದ ರೇಟು, ಗೊಬ್ಬರದ ರೇಟು, ಹಂದಿ ಕಾಟ, ಕೂಲಿಯವರ ಕಾಟ... ಕೊನೆಗೆ ಒಂದು ಸೇರಿಗೆ ಒಂದು ಬೊಗಸೆ ಮೇಲೆ ಹಾಕಿತು ಅಜ್ಜಿ. ಬಸವಣ್ಣನ ಪಾದಕ್ಕೆ ಒಂದು ಹಿಡಿ, ಉಳಿದದ್ದು ಚೀಲಕ್ಕೆ.

ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿದೆವು. ಮತ್ತೊಂದು ಶೂನ್ಯ ಟಿಕೆಟ್ಟು ಪರ್ಸಿಗೆ ಹೋಯಿತು. ನೆಲಮಂಗಲ ದಾಟುವಾಗ ಅತ್ತೆಯ ಫೋನು. ಬಸ್ಸಿನ ಗದ್ದಲದಲ್ಲೂ ಆ ಕಡೆಯ ಪ್ರಶ್ನೆ ನನಗೆ ಕೇಳಿಸಿತು.

"ಹೂಂ ಯವ್ವಾ, ಸಿಕ್ಕಿದ್ದ. ಚೆಂದ ಅದಾನ. ಮೂರು ರೊಟ್ಟಿ ತಿಂದ... ತೇರಿಗೆ ಬರ್ತಾನಂತ." ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆ ಕಡೆಯೂ ಸುಮ್ಮನಾಯಿತು. ಆಮೇಲೆ ಚೀಲದೊಳಗೆ ಕೈ ಹಾಕಿ ಒಂದು ಕಾಯಿ ಒಡೆಯುತ್ತಾ, "ಇಲ್ಲಿ ಶೇಂಗಾ ಸೇರಿನ ಲೆಕ್ಕದಾಗ ಮಾರ್ತಾರ ಯವ್ವಾ. ನಮಗ ಎಪಿಎಂಸಿಯಾಗ ಕೊಟ್ಟ ರೇಟು ಕೇಳಿದ್ರ ಈ ಮಂದಿ ನಗ್ತಾರ" ಅಂದಳು.